ಎಣಿಕೆ ತಪ್ಪಿದ ಒಂದು ಸರಪಳಿ

ಮೋಜಣಿದಾರನಿಗೆ ಹಳ್ಳಿಯಲ್ಲಿ ಯಾರೂ ನೀರು ಕೊಡುವುದಿಲ್ಲ. ಕೊಟ್ಟರೂ ಅವನು ಕುಡಿಯಬಾರದು. ಭೂಮಾಪನದ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ತರಬೇತಿಯಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಹೊಲ ಅಳೆಯಲು ಹೋದ ದಿನ ಅರ್ಜಿದಾರನ ಮನೆಯ ನೀರು ಕುಡಿದರೆ "ಸಾಹೇಬ್ರು ಅವರ ಕಡೆ ಆದ್ರು" ಎಂದು ಎದುರಿನವನು ಗುಲ್ಲೆಬ್ಬಿಸುತ್ತಾನೆ. ಎದುರಿನವನ ಮನೆಯಲ್ಲಿ ಕುಡಿದರೆ ಅರ್ಜಿದಾರ ಅದನ್ನೇ ಅನ್ನುತ್ತಾನೆ. ಹಾಗಾಗಿ ನಾವು ನಮ್ಮ ನೀರು, ನಮ್ಮ ರೊಟ್ಟಿ ಕಟ್ಟಿಕೊಂಡು ಹೋಗಿ, ಯಾರದೂ ಅಲ್ಲದ ಒಂದು ಗಿಡ ಹುಡುಕಿ ಅದರ ನೆರಳಲ್ಲಿ ಉಣ್ಣುತ್ತಿದ್ದೆವು. ಯಾರದೂ ಅಲ್ಲದ ಗಿಡ ಸಿಗುವುದು ಎಷ್ಟು ಕಷ್ಟ ಎಂಬುದು ನಕಾಶೆ ಕೈಯಲ್ಲಿ ಹಿಡಿದವನಿಗೆ ಮಾತ್ರ ಗೊತ್ತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂರುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಯಾವ ವರ್ಷ ಬಡ್ತಿ ಸಿಕ್ಕಿತು, ಯಾವ ವರ್ಷ ಸಂಬಳ ಏರಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಿಲ್ಲ. ಈ ಕೆಲಸದಲ್ಲಿ ಮನುಷ್ಯ ಒಂಟಿಯಾಗುತ್ತಾ ಹೋಗುತ್ತಾನೆ, ಅದನ್ನು ಮಾತ್ರ ಹೇಳುತ್ತೇನೆ. ಒಂದು ಹೊಲ ಅಳೆದರೆ ಒಂದು ಮನೆಯವರು ಮಾತು ಬಿಡುತ್ತಾರೆ. ಸರಿಯಾಗಿ ಅಳೆದರೆ ಒಂದೇ ಮನೆ, ಬಹಳ ಸರಿಯಾಗಿ ಅಳೆದರೆ ಎರಡೂ ಮನೆ. ರಾಮದುರ್ಗದ ಕಡೆ ಅಣ್ಣತಮ್ಮಂದಿರಿಬ್ಬರ ಹೊಲಕ್ಕೆ ಹಿಸ್ಸಾ ಹಾಕಿಕೊಟ್ಟಿದ್ದೆ. ಹನ್ನೆರಡು ವರ್ಷ ಒಬ್ಬರ ಮುಖ ಒಬ್ಬರು ನೋಡದವರು, ನನ್ನನ್ನು ಬೈಯುವ ನೆಪದಲ್ಲಿ ಒಂದಾದರು. ಅದೇ ನನ್ನ ನೌಕರಿಯ ದೊಡ್ಡ ಸಾಧನೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಈಗಿನ ಹುಡುಗರು ಮೂರು ಕಾಲಿನ ಯಂತ್ರ ನಿಲ್ಲಿಸಿ, ಕಣ್ಣಿಟ್ಟು, ಗುಂಡಿ ಒತ್ತಿ ಅಂತರ ಹೇಳುತ್ತಾರೆ. ನಮ್ಮದು ಕಬ್ಬಿಣದ ಸರಪಳಿ. ಮೂವತ್ತಮೂರು ಅಡಿ ಉದ್ದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಎಳೆಯಲು ಇಬ್ಬರು. ಮುಂದಿನವನ ಕೈಯಲ್ಲಿ ಹತ್ತು ಕಬ್ಬಿಣದ ಸೂಜಿಗಳಿರುತ್ತಿದ್ದವು. ಮೊಳಕೈ ಉದ್ದದವು, ತಲೆಗೆ ಕೆಂಪು ಅರಿವೆ ಕಟ್ಟಿದವು. ಸರಪಳಿ ಬಿಗಿಯಾದ ಕೂಡಲೇ ಅದರ ತುದಿಯಲ್ಲಿ ಒಂದು ಸೂಜಿ ಚುಚ್ಚಿ ಅವನು ಮುಂದೆ ಹೋಗುತ್ತಾನೆ. ಹಿಂದಿನವನು ಆ ಸೂಜಿಯವರೆಗೆ ಬಂದು, ಅಲ್ಲಿ ಸರಪಳಿಯ ಹಿಂದಿನ ತುದಿ ಹಿಡಿದು, ಮುಂದೆ ಇನ್ನೊಂದು ಸೂಜಿ ಬಿದ್ದ ಮೇಲೆ ಇದನ್ನು ಕಿತ್ತುಕೊಂಡು ನಡೆಯುತ್ತಾನೆ. ಕೊನೆಗೆ ಎಷ್ಟು ಸೂಜಿಯೋ ಅಷ್ಟು ಸರಪಳಿ. ಬಾಯಿಲೆಕ್ಕ ನಂಬಬೇಡಿ, ಸೂಜಿ ಲೆಕ್ಕ ನಂಬಿ ಎಂಬುದು ಹಿರಿಯರು ನಮಗೆ ಕಲಿಸಿದ ಮೊದಲ ಪಾಠ.

ನನ್ನ ಮೊದಲ ತಪ್ಪು ನಡೆದದ್ದು ಕಿತ್ತೂರಿನ ಹತ್ತಿರ. ಹೆದ್ದಾರಿಯ ಎರಡೂ ಬದಿಗೆ ಹರಡಿದ್ದ ಒಂದು ಹೊಲ. ರಸ್ತೆಗೆ ಅಡ್ಡವಾಗಿ ಸರಪಳಿ ಹಾಸಿದ್ದೆವು. ನಾನು ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ಬಂದ ಲಾರಿಯೊಂದರ ಗಾಲಿಗೆ ಅದು ಸಿಕ್ಕಿ ಧಾರವಾಡದ ದಿಕ್ಕಿಗೆ ಹೊರಟಿತು. ಹಿಂದಿನ ತುದಿ ಹಿಡಿಯುತ್ತಿದ್ದ ಹುಸೇನಸಾಬ ಸೂಜಿಗಳ ಸಮೇತ ಲಾರಿಯ ಬೆನ್ನು ಹತ್ತಿ ಓಡಿ, ಅದನ್ನು ಬಿಡಿಸಿಕೊಂಡು ಬಂದ. ಕೊಂಡಿಗಳು ಜಗ್ಗಿ ಸರಪಳಿ ನಾಲ್ಕು ಬೆರಳು ಉದ್ದವಾಗಿತ್ತು. ನಾನು ನೋಡದೆ ಒಂದು ವಾರ ಅದರಿಂದಲೇ ಅಳೆದೆ. ತಪಾಸಣೆಗೆ ಬಂದ ಮೇಲಧಿಕಾರಿ ಅದನ್ನು ಕಚೇರಿಯ ಕಟ್ಟೆಯ ಮೇಲೆ ಕೆತ್ತಿದ ಮೂವತ್ತಮೂರು ಅಡಿಯ ಗುರುತಿಗೆ ಹಿಡಿದು ನೋಡಿ, "ಸರಪಳಿ ಬೆಳದೈತಿ, ನೀವ ಬೆಳೀಲಿಲ್ಲ ನೋಡ್ರಿ" ಎಂದರು. ಆ ವಾರ ಅಳೆದ ಆರೂ ಹೊಲಗಳಿಗೆ ತಿರುಗಿ ಹೋದೆ. ಆರೂ ಮನೆಯವರಿಗೆ ನನ್ನ ತಪ್ಪು ಹೇಳಿ ಮತ್ತೆ ಅಳೆದುಕೊಟ್ಟೆ. ಬೈದರು, ನಕ್ಕರು, ಆಯಿತು. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಸುಲಭ ಎಂದು ಆ ವಯಸ್ಸಿನಲ್ಲಿ ತಿಳಿದಿದ್ದೆ.

ಈಗ ಗುರುಪಾದಪ್ಪನವರ ವಿಷಯಕ್ಕೆ ಬರುತ್ತೇನೆ. ಅವರು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಅವರ ಸಲುವಾಗಿಯೇ ಇದನ್ನು ಬರೆಯಲು ಕುಳಿತದ್ದು. ಮಿಕ್ಕದ್ದನ್ನೆಲ್ಲ ಬರೆಯುತ್ತಾ ಇಷ್ಟು ಹೊತ್ತು ತಪ್ಪಿಸಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಸವದತ್ತಿ ಕಡೆಯ ಹಳ್ಳಿಗಳು ಬಂದವು. ಗುರುಪಾದಪ್ಪನವರ ಊರಿನ ಹೆಸರು ಬರೆಯುವುದಿಲ್ಲ. ಮುನವಳ್ಳಿ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ತಾಸು ನಡೆಯಬೇಕು, ಅಷ್ಟೇ. ಮೊದಲ ಸಲ ಅಲ್ಲಿಗೆ ಹೋದಾಗ ಬೇರೆ ಯಾರದೋ ಹೊಲದ ಕೆಲಸವಿತ್ತು. ಗೆರೆಯ ತುದಿಗೆ ನೆಟ್ಟ ಝಂಡೆಯ ಕೋಲು ಕಾಣಲೆಂದು ಪೊದೆ ಕಡಿಯಲು ಹೊರಟಿದ್ದೆವು. ಎತ್ತರದ, ಒಣಕಲು ಮನುಷ್ಯರೊಬ್ಬರು ಕೋಲು ಹಿಡಿದು ಬಂದು ನಿಂತರು.

"ಸಾಹೇಬ್ರ, ಯಾವ ಕಡೆ ಗೆರಿ ಹಾಕತೀರಿ ನನಗ ಮೊದ್ಲ ಹೇಳ್ರಿ. ನಾ ಮುಂದ ಹೋಗಿ ನೋಡಿ ಬರತೇನಿ."

"ಏನ ನೋಡತೀರಿ?"

"ಯಾರರ ಅದಾರೇನು ಅಂತ."

ಯಾರೋ ಎಂದರೆ ಮನುಷ್ಯರಲ್ಲ, ಮೊಲ, ಕೌಜುಗ, ಉಡ. ನಮ್ಮ ಗೆರೆಯುದ್ದಕ್ಕೂ ಕೋಲಿನಿಂದ ಮೆಲ್ಲಗೆ ಪೊದೆ ತಟ್ಟುತ್ತಾ ಅವರು ಮುಂದೆ ನಡೆದರು. ಒಂದು ಕಡೆ ನಿಂತು ಕೈ ಅಡ್ಡ ಮಾಡಿದರು. ಪೊದೆಯ ಬುಡದಲ್ಲಿ ಕೌಜುಗದ ತತ್ತಿಗಳಿದ್ದವು. ಗೆರೆಯನ್ನು ಎರಡು ಮಾರು ಸರಿಸಿ ಹಾಕಿದೆವು. ಲೆಕ್ಕ ಸ್ವಲ್ಪ ಹೆಚ್ಚಾಯಿತು, ಬೇರೇನೂ ನಷ್ಟವಿರಲಿಲ್ಲ. ಹುಸೇನಸಾಬ ನನ್ನ ಕಿವಿಯಲ್ಲಿ, "ಇವರಿಗೆ ಊರಾಗ ನರಿ ಗುರುಪಾದಪ್ಪ ಅಂತಾರ್ರಿ" ಎಂದ.

ಆ ಹೆಸರು ಬಂದದ್ದು ಅವರ ಒಡ್ಡಿನಿಂದ. ಎಲ್ಲರೂ ತಮ್ಮ ಹೊಲದ ಒಡ್ಡನ್ನು ವರ್ಷಕ್ಕೊಂದಿಷ್ಟು ಕೆತ್ತಿ ಬಿತ್ತುವ ನೆಲ ಹೆಚ್ಚಿಸಿಕೊಂಡರೆ, ಇವರು ತಮ್ಮ ಮೂಡಲ ಬದಿಯ ಒಡ್ಡನ್ನು ಮುಟ್ಟದೆ ಬಿಟ್ಟಿದ್ದರು. ಅಜ್ಜನ ಕಾಲದ ಒಡ್ಡು. ಎಂಟು ಸರಪಳಿ ಉದ್ದ. ಅದರ ಮೇಲೆ ಜಾಲಿ, ಬಾರಿ, ಕವಳಿ, ಲೆಕ್ಕಿ ಗಿಡಗಳು ಹೆಣೆದುಕೊಂಡು ಬೆಳೆದಿದ್ದವು. ನಡುವೆ ನರಿಗಳ ಗವಿ. ಮುಂಗಲಿ, ಮೊಲ, ಹೆಸರೇ ಗೊತ್ತಿಲ್ಲದ ಹಕ್ಕಿಗಳು. ಬೇಸಿಗೆಯಲ್ಲಿ ಗುರುಪಾದಪ್ಪ ಅದರ ಬುಡದಲ್ಲಿ ಮಣ್ಣಿನ ಪರಾತಗಳಲ್ಲಿ ನೀರಿಡುತ್ತಿದ್ದರು. ಹಿಂಗಾರಿ ಜೋಳದ ಎರಡು ಸಾಲನ್ನು ಕೊಯ್ಯದೆ ಬಿಡುತ್ತಿದ್ದರು. ಹೊಲದ ನೆಲದಲ್ಲಿ ಟಿಟ್ಟಿಭ ಹಕ್ಕಿ ಗೂಡು ಮಾಡಿದರೆ ಪಕ್ಕದಲ್ಲಿ ಕಡ್ಡಿ ನೆಟ್ಟು ಅರಿವೆ ಕಟ್ಟುತ್ತಿದ್ದರು. ಕಳೆ ತೆಗೆಯಲು ಕುಂಟಿ ಹೊಡೆಯುವವನು ಆ ಕಡ್ಡಿ ಕಂಡಲ್ಲಿ ಕುಂಟಿ ಎತ್ತಿ ದಾಟಿಸಬೇಕು. ಮರೆತರೆ ಮರುದಿನ ಅವನಿಗೆ ಕೆಲಸವಿಲ್ಲ.

ಅವರು ಸಾಧು ಮನುಷ್ಯ ಎಂದು ತಿಳಿಯಬೇಡಿ. ಬೈಗುಳದಲ್ಲಿ ಅವರನ್ನು ಮೀರಿಸುವವರು ಆ ಊರಲ್ಲಿರಲಿಲ್ಲ. ಒಮ್ಮೆ ಕೌಜುಗ ಹಿಡಿಯಲು ಬಂದವರು ಒಡ್ಡಿನ ಬದಿಗೆ ಬಲೆ ಹಾಸಿದ್ದರು. ಇವರು ಹೋಗಿ ಆ ಬಲೆಯ ಮೇಲೆಯೇ ಕುಳಿತು, ಬುತ್ತಿ ಬಿಚ್ಚಿ ಉಂಡು, ಅಲ್ಲೇ ಟವೆಲ್ ಹಾಸಿ ಮಲಗಿಬಿಟ್ಟರಂತೆ. ಬಲೆಯವರು ಸಂಜೆಯತನಕ ಕಾದು, ಎದ್ದೇಳುವಂತೆ ಕೈಮುಗಿದು, ಬಲೆ ಸುತ್ತಿಕೊಂಡು ಹೋದರು. ಕಾಡುಪ್ರಾಣಿಗಳ ಬಗ್ಗೆ ಅವರು ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಯಾಕೆ ಇದೆಲ್ಲ ಎಂದು ಕೇಳಿದರೆ, "ಅವಕ್ಕೂ ಒಂದ ಪತ್ತೆ ಬೇಕಲ್ರಿ" ಎನ್ನುತ್ತಿದ್ದರು. ಪತ್ತೆ ಎಂದರೆ ವಿಳಾಸ.

ಎರಡು ಬೇಸಿಗೆ ನಾನು ಆ ಊರಿನ ಸುತ್ತ ಕೆಲಸ ಮಾಡಿದೆ. ನಾವು ಗಿಡದ ಕೆಳಗೆ ಬುತ್ತಿ ಬಿಚ್ಚುವ ಹೊತ್ತಿಗೆ ಗುರುಪಾದಪ್ಪ ತಮ್ಮ ಬುತ್ತಿ ಹಿಡಿದು ಬರುತ್ತಿದ್ದರು. ತಮ್ಮ ರೊಟ್ಟಿ ನಮಗೆ ಕೊಡುತ್ತಿರಲಿಲ್ಲ, ನಮ್ಮದನ್ನು ಮುಟ್ಟುತ್ತಿರಲಿಲ್ಲ. ನಮ್ಮ ನೇಮ ಅವರಿಗೆ ಗೊತ್ತಿತ್ತು. "ಇವತ್ತ ನಾ ಯಾರ ಕಡೆನೂ ಅಲ್ಲ, ಕುಂಡ್ರಬಹುದಲ್ಲರಿ" ಎಂದು ಕೇಳಿ ಕುಳಿತುಕೊಳ್ಳುತ್ತಿದ್ದರು. ನನ್ನ ನೌಕರಿಯುದ್ದಕ್ಕೂ, ಕೆಲಸದ ನೆಲದ ಮೇಲೆ, ನನ್ನ ಪಕ್ಕ ಕುಳಿತು ಉಂಡ ಒಬ್ಬನೇ ರೈತ ಅವರು.

ಮೂರನೆಯ ಬೇಸಿಗೆ ಅವರ ಹೊಲದ್ದೇ ಅರ್ಜಿ ಬಂತು. ಮೂಡಲ ಬದಿಯ ಹೊಲದ ರುದ್ರಗೌಡ ಹದ್ದುಬಸ್ತು ಕೇಳಿದ್ದ, ಅಂದರೆ ಗಡಿ ಅಳೆದು ಕಲ್ಲು ನೆಟ್ಟುಕೊಡಬೇಕು. ಗುರುಪಾದಪ್ಪನ ಅಜ್ಜ ಒಡ್ಡನ್ನು ರುದ್ರಗೌಡನ ಹೊಲದೊಳಗೆ ಸರಿಸಿ ಹಾಕಿದ್ದಾನೆ ಎಂಬುದು ಅವನ ಗುಮಾನಿ. ಅವನು ಕೆಟ್ಟವನೇನಲ್ಲ. ನರಿಗಳು ತನ್ನ ಶೇಂಗಾ ಕೆದರುತ್ತವೆ ಎಂಬ ಸಿಟ್ಟು ಅವನಿಗಿತ್ತು, ಆ ಸಿಟ್ಟಿನಲ್ಲಿ ಅನ್ಯಾಯವೂ ಇರಲಿಲ್ಲ. ಆ ದಿನ ಗುರುಪಾದಪ್ಪ ನಮ್ಮ ಹತ್ತಿರ ಬರಲಿಲ್ಲ. ದೂರದಿಂದಲೇ ಕೈಮುಗಿದು, "ಇವತ್ತ ನಾ ಒಂದ ಕಡೆಯವ" ಎಂದರು.

ಅವರ ಹೊಲದ ಪಡುವಲ ಬದಿಯ ಹಳೆಯ ಕಲ್ಲುಗಳು ಕಾಲುವೆ ತೋಡುವಾಗ ಕಿತ್ತುಹೋಗಿದ್ದವು. ನಂಬಲು ಉಳಿದದ್ದು ರುದ್ರಗೌಡನ ಹೊಲದ ಮೂಡಲ ತುದಿಯ ಕಲ್ಲು ಮಾತ್ರ. ಅಲ್ಲಿಂದ ಪಡುವಣಕ್ಕೆ ನಡುಹೊಲದಲ್ಲಿ ಒಂದು ಆಧಾರ ರೇಖೆ ಎಳೆಯುವುದು, ಒಂಬತ್ತು ಸರಪಳಿಗೆ ನಿಲ್ಲುವುದು, ಅಲ್ಲಿಂದ ಎಡಕ್ಕೆ ಬಲಕ್ಕೆ ಅಡ್ಡ ಹಿಡಿದು ಗಡಿಯ ಎರಡೂ ಮೂಲೆ ಗುರುತಿಸುವುದು. ಹಳೆಯ ದಾಖಲೆಯಲ್ಲಿ ಒಂಬತ್ತು ಸರಪಳಿ ಎಂದು ಸ್ಪಷ್ಟವಾಗಿತ್ತು. ಸರಪಳಿ ಎಳೆಯುವ ನನ್ನ ಇನ್ನೊಬ್ಬ ಆಳು ಅಡಿವೆಪ್ಪ ಮುಂದೆ, ಹುಸೇನಸಾಬ ಹಿಂದೆ.

ಮೂರು ಸರಪಳಿ ಸರಿಯಾಗಿ ಹೋಯಿತು. ನಾಲ್ಕನೆಯದು ಬಿಗಿಯಾಗುವಾಗ ಟಿಟ್ಟಿಭ ಜೋಡಿ ಎದ್ದು ತಲೆಯ ಮೇಲೆ ಕೂಗಾಡಲು ತೊಡಗಿದವು. ದೂರ ನಿಂತಿದ್ದ ಗುರುಪಾದಪ್ಪ ಅದು ಬೇರೆಯವರ ಹೊಲ ಎಂಬುದನ್ನೂ ಮರೆತು ಓಡಿ ಬಂದರು.

"ಸಾಹೇಬ್ರ, ಅಲ್ಲೆ ಚುಚ್ಚಬ್ಯಾಡ್ರಿ. ತತ್ತಿ ಅದಾವ."

ನೋಡಿದೆ. ಬರೀ ನೆಲದ ಮೇಲೆ, ಹೆಂಟೆಗಳ ನಡುವೆ, ಮಣ್ಣಿನದೇ ಬಣ್ಣದ ನಾಲ್ಕು ತತ್ತಿಗಳು. ಸೂಜಿ ಬೀಳಬೇಕಾದ ಜಾಗ ಅವುಗಳಿಂದ ಒಂದು ಗೇಣು ದೂರವೂ ಇರಲಿಲ್ಲ. ರುದ್ರಗೌಡ, "ನೋಡ್ರಿ ಇವರ ನಾಟಕಾ" ಎಂದು ಗೊಣಗಿದ. ನಾನು ಅಡಿವೆಪ್ಪನಿಗೆ, "ಸೂಜಿ ಬ್ಯಾಡ. ಒಂದು ಬಿಳಿ ಹರಳ ಮೆತ್ತಗ ಇಟ್ಟು ಮುಂದ ನಡಿ. ಸರಪಳಿ ಎತ್ತಿ ಹಿಡಿ, ನೆಲಕ್ಕ ಎಳೀಬ್ಯಾಡ" ಎಂದೆ. ಇಬ್ಬರೂ ಸರಪಳಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ತತ್ತಿಗಳ ಮೇಲಿಂದ ದಾಟಿಸಿದರು. ನಿಂತು ನೋಡುತ್ತಿದ್ದ ಗುರುಪಾದಪ್ಪನ ಮುಖ ನನಗೆ ಈಗಲೂ ಕಾಣುತ್ತದೆ. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೂ ಒಳಗೊಳಗೇ ಹೆಮ್ಮೆಯಾಯಿತು. ತಪ್ಪು ಆಗಲೇ ನಡೆದುಹೋಗಿತ್ತು.

ಹುಸೇನಸಾಬ ಹರಳಿನ ಹತ್ತಿರ ಬಂದ, ಸರಪಳಿಯ ತುದಿಯನ್ನು ಅಲ್ಲಿ ಹಿಡಿದ, ಮುಂದೆ ನಡೆದ. ಕೀಳಲು ಅಲ್ಲಿ ಸೂಜಿ ಇರಲಿಲ್ಲ. ಹರಳನ್ನು ಯಾರೂ ಎತ್ತಿಕೊಳ್ಳಲಿಲ್ಲ. ಕೊನೆಗೆ ನಾನು ಕೇಳಿದೆ, ಅವನು ಸೂಜಿ ಎಣಿಸಿ ಒಂಬತ್ತು ಎಂದ. ನಡೆದದ್ದು ಹತ್ತು ಸರಪಳಿ.

ಆ ಒಂಬತ್ತು ನಮ್ಮನ್ನು ಒಡ್ಡಿನ ಆಚೆ, ಗುರುಪಾದಪ್ಪನ ಹೊಲದೊಳಗೆ ತಂದು ನಿಲ್ಲಿಸಿತ್ತು. ಬಂದ ದಾರಿಯಲ್ಲೇ ತಿರುಗಿ ಅಳೆದು ತಾಳೆ ನೋಡಬೇಕೆಂಬ ನಿಯಮವಿದೆ. ನಾನು ನೋಡಲಿಲ್ಲ. ತತ್ತಿಗಳಿಗೆ ಮತ್ತೆ ತೊಂದರೆ ಯಾಕೆ ಎಂದು ಬಿಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬಿಸಿಲು ಏರಿತ್ತು, ಹಸಿವಾಗಿತ್ತು, ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಅಲ್ಲದೆ ಒಡ್ಡು ಸರಿದಿದೆ ಎಂದು ರುದ್ರಗೌಡ ಬೆಳಗಿನಿಂದ ಹೇಳುತ್ತಲೇ ಇದ್ದ. ಸೂಜಿಯೂ ಅದನ್ನೇ ಹೇಳಿದಾಗ ನಂಬಿದೆ.

ಕಲ್ಲು ನೆಟ್ಟೆವು. ಗುರುಪಾದಪ್ಪ ಹೊಸ ಕಲ್ಲನ್ನೂ ಒಡ್ಡನ್ನೂ ನೋಡಿದರು.

"ಹಂಗಂದ್ರ ಒಡ್ಡು ಅವರದಾತೇನ್ರಿ?"

"ಅಳತಿ ಹಂಗ ಬಂದೈತ್ರಿ."

"ನೀವ ಹಿಡದ ಅಳತಿ ಅಂದಮ್ಯಾಲ ಮುಗೀತಲ್ರಿ," ಎಂದರು. ಕಾಗದ ತೆಗೆದುಕೊಂಡು ಸಹಿ ಮಾಡಿದರು. ನನ್ನ ಮೇಲಿನ ಆ ನಂಬಿಕೆಯೇ ಅವರ ಎಂಟು ಗುಂಟೆಗೆ ಎರವಾಯಿತು. ಅವರು ಗುಂಟೆಗೆ ಮರುಗುವವರಲ್ಲ. ಆ ಎಂಟು ಗುಂಟೆಯೊಳಗೆ ನರಿಯ ಗವಿ ಇತ್ತು, ಅದರಲ್ಲಿ ಆಗ ಮರಿಗಳಿದ್ದವು.

ಎಂಟು ದಿನದ ಮೇಲೆ ಕಚೇರಿಯಲ್ಲಿ ನಕಾಶೆ ಹಾಕಲು ಕುಳಿತೆ. ಹಳೆಯ ಒಡ್ಡಿಗೂ ಹೊಸ ಗಡಿಗೂ ಇರುವ ಅಂತರ ನೋಡಿದೆ. ಸರಿಯಾಗಿ ಒಂದು ಸರಪಳಿ. ಒಂದು ಆಣೆ, ಅಂದರೆ ಸರಪಳಿಯ ಹದಿನಾರನೆಯ ಒಂದು ಭಾಗ, ಹೆಚ್ಚಿಲ್ಲ, ಒಂದು ಆಣೆ ಕಡಿಮೆಯಿಲ್ಲ. ಒಡ್ಡು ಒತ್ತುವ ರೈತ ಒಂದು ಕಡೆ ಮೂರು ಮೊಳ ಒತ್ತುತ್ತಾನೆ, ಇನ್ನೊಂದು ಕಡೆ ಎರಡು. ಉದ್ದಕ್ಕೂ ಸಮನಾಗಿ ಸರಪಳಿ ಹಿಡಿದು ಒತ್ತುವ ಕಳ್ಳ ಎಲ್ಲೂ ಇಲ್ಲ. ಹುಸೇನಸಾಬನನ್ನು ಕರೆದೆ. ಅವನು ನಕಾಶೆ ನೋಡಲಿಲ್ಲ, ನನ್ನ ಮುಖ ನೋಡಿದ.

"ಸಾಹೇಬ್ರ, ಆ ಬಿಳಿ ಹರಳು ನೀವ ಲೆಕ್ಕಕ್ಕ ಹಿಡಿದಿದ್ರಿಲ್ಲೋ? ನಾ ಹಿಡೀಲಿಲ್ಲರಿ."

ಆಮೇಲೆ ನಾನು ಮೇಲಧಿಕಾರಿಯ ಕೋಣೆಗೆ ಹೋದೆ. ಕಿತ್ತೂರಿನ ಸರಪಳಿಯ ತಪ್ಪು ಹಿಡಿದವರು ಆಗ ಇರಲಿಲ್ಲ, ಇವರು ಬೇರೆ. ಪೂರ್ತಿ ಕೇಳಿಸಿಕೊಂಡು ನಕಾಶೆ ಸುತ್ತಿ ಬದಿಗಿಟ್ಟರು.

"ಎರಡೂ ಕಡೆ ಸಹಿ ಐತಿ. ಅಂವ ತಕರಾರ ಮಾಡ್ಯಾನೇನು? ಇಲ್ಲ. ಮತ್ತ ನಿಮಗ್ಯಾಕ ಕೆರಕೊಂಡು ಹುಣ್ಣ ಮಾಡಕೋಳೂ ಚಟ? ಗೂಡಿನ ಸಲುವಾಗಿ ಸೂಜಿ ಬಿಟ್ಟೆ ಅಂತ ಬರದ್ರ ಇಡೀ ಜಿಲ್ಲಾ ನಗತೈತಿ. ನಕ್ಕ ಮ್ಯಾಲ ನಿಮ್ಮನ್ನ ಮನಿಗೆ ಕಳಸ್ತಾರ. ಅಂವ ಮ್ಯಾಲ ಅರ್ಜಿ ಹಾಕ್ಲಿ, ಮತ್ತೊಬ್ಬರನ್ನ ಕಳಸಿ ಅಳಸೂಣು."

ಅವರ ಮಾತಿನಲ್ಲಿ ನನಗೆ ಬೇಕಾದ ಬಾಗಿಲು ಇತ್ತು, ಅದರಿಂದ ಹೊರಬಿದ್ದೆ. ಗುರುಪಾದಪ್ಪ ಅರ್ಜಿ ಹಾಕಲಿ ಎಂದು ದಿನವೂ ಟಪಾಲು ನೋಡಿದೆ. ಬರಲಿಲ್ಲ. ಬರದಿದ್ದಾಗ ಸಮಾಧಾನವಾಗುತ್ತಿತ್ತು, ಆ ಸಮಾಧಾನ ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ರುದ್ರಗೌಡ ಟ್ರ್ಯಾಕ್ಟರ್ ತರಿಸಿ ಒಡ್ಡು ಕೆಡವಿದನೆಂದು ಅಡಿವೆಪ್ಪ ಬಂದು ಹೇಳಿದ. ಮುಳ್ಳಿಗೆ ಬೆಂಕಿ ಹಾಕಿದರಂತೆ. ನರಿಗಳೇನಾದವು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಕಿತ್ತೂರಾಗ ಆರ ಮನಿಗೆ ಹೋಗಿ ಹೇಳಿ ಬಂದ್ರಿ. ಇದೊಂದ ಮನಿ ನಿಮಗ ಭಾರ ಆತೇನು?" ಎಂದಳು. ಆರು ಮನೆಗಳವರು ನನಗೆ ಯಾರೂ ಅಲ್ಲ, ಈ ಮನುಷ್ಯ ನನ್ನ ಪಕ್ಕ ಕುಳಿತು ಉಂಡವರು ಎಂದು ಅವಳಿಗೆ ತಿಳಿಸಿ ಹೇಳಲಾಗಲಿಲ್ಲ. ಗುರುತಿಲ್ಲದವರ ಎದುರು ತಲೆ ತಗ್ಗಿಸುವುದು ಸುಲಭ. ಮುಂದೆ ರಾಮದುರ್ಗಕ್ಕೆ ವರ್ಗ ಕೇಳಿ ಪಡೆದೆ. ಅಲ್ಲಿದ್ದಾಗಲೇ ಅವಳು ಜ್ವರದಲ್ಲಿ ತೀರಿಕೊಂಡಳು. ನಮಗೆ ಮಕ್ಕಳಿರಲಿಲ್ಲ. ಆಮೇಲೆ ಈ ಮಾತು ಎತ್ತುವವರೇ ಮನೆಯಲ್ಲಿ ಇಲ್ಲವಾದರು. ಎತ್ತುವವರಿದ್ದಾಗ ಸಿಟ್ಟು ಬರುತ್ತಿತ್ತು, ಇಲ್ಲವಾದಾಗ ಅದು ನನ್ನೊಬ್ಬನದೇ ಆಗಿ ಉಳಿಯಿತು.

ಎರಡು ಸಾವಿರದ ಇಸವಿಯ ಈಚೆಗೆ ಕೆಲಸದ ರೀತಿಯೆಲ್ಲ ಬದಲಾಯಿತು. ಪಹಣಿ ಕಂಪ್ಯೂಟರಿನಿಂದ ಬರತೊಡಗಿತು. ಸರಪಳಿಗಳನ್ನು ಕಚೇರಿಯ ಮೂಲೆಗೆ ಹಾಕಿದರು, ಟೇಪು ಬಂತು, ಆಮೇಲೆ ಯಂತ್ರದ ತರಬೇತಿ ಬಂತು. ಯಂತ್ರದಲ್ಲಿ ಸೂಜಿ ಇಲ್ಲ, ಎಣಿಸುವ ಗೋಜಿಲ್ಲ. ತರಬೇತಿ ಕೊಡಲು ಬಂದವರು, "ಇನ್ಮೇಲೆ ಮನುಷ್ಯನ ತಪ್ಪು ಆಗುವುದಿಲ್ಲ" ಎಂದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ.

ಆ ದಿನಗಳಲ್ಲೇ ಒಮ್ಮೆ ಸವದತ್ತಿಯ ಬಸ್ ನಿಲ್ದಾಣದಲ್ಲಿ ಗುರುಪಾದಪ್ಪನವರನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೋಲು ಮಾತ್ರ ಹಾಗೆಯೇ ಇತ್ತು. ಅವರೂ ನನ್ನನ್ನು ಕಂಡು ಕೈಯೆತ್ತಿದರು. ಜನರನ್ನು ಸರಿಸಿಕೊಂಡು ನನ್ನ ಕಡೆ ಬರತೊಡಗಿದರು. ನಾನು ಬೈಲಹೊಂಗಲಕ್ಕೆ ಹೋಗಬೇಕಿತ್ತು. ಎದುರಿಗೆ ಹೊರಡಲು ನಿಂತಿದ್ದ ಬಸ್ಸು ಹತ್ತಿದೆ. ಅದು ರಾಮದುರ್ಗದ ಬಸ್ಸು ಎಂದು ಕಂಡಕ್ಟರನಿಂದ ಟಿಕೀಟು ಕೇಳುವಾಗ ಗೊತ್ತಾಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು, ಎರಡು ತಾಸು ರಸ್ತೆಯ ಬದಿಗೆ ತಿರುಗಿ ಹೋಗುವ ಬಸ್ಸಿಗೆ ಕಾದೆ. ಐವತ್ತು ದಾಟಿದ ಸರಕಾರಿ ನೌಕರ, ಒಬ್ಬ ಮುದುಕನಿಗೆ ಹೆದರಿ ತಪ್ಪು ಬಸ್ಸು ಹತ್ತಿದ್ದ.

ನಿವೃತ್ತನಾಗಿ ಬೈಲಹೊಂಗಲದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಸುಮಾರು ಒಂದು ತಿಂಗಳ ಹಿಂದೆ ಹುಸೇನಸಾಬ ಸಂತೆಗೆ ಬಂದವನು ಮನೆಗೆ ಬಂದು ಸುದ್ದಿ ಹೇಳಿದ. "ಗುರುಪಾದಪ್ಪನವರು ಹೋದ್ರರಿ. ಮಣ್ಣಿಗೆ ನಾ ಹೋಗಿದ್ನಿ. ನೀವೂ ಒಮ್ಮೆ ಹೋಗಿ ಬರ್ರಿ." ಹದಿಮೂರು ವರ್ಷಗಳಲ್ಲಿ ಹರಳಿನ ಮಾತನ್ನು ಅವನೂ ಎತ್ತಿರಲಿಲ್ಲ.

ವಾರದ ಮೇಲೆ ಹೋದೆ. ಹೊಲ ನೋಡಿಕೊಳ್ಳುವವಳು ಅವರ ಮಗಳು ನೀಲವ್ವ. ಗಂಡ ಮಕ್ಕಳೊಂದಿಗೆ ಅಲ್ಲೇ ಇದ್ದಾಳೆ. ಅಂಗಳದಲ್ಲಿ ಹತ್ತಿ ಬಿಡಿಸಿ ಹಾಕುತ್ತಿದ್ದಳು. ನಾನು ಯಾರೆಂದು ಹೇಳಿದೆ. ಕೈ ಒರೆಸಿಕೊಂಡು ಎದ್ದು ನಿಂತಳು.

"ಬರ್ರಿ ಸಾಹೇಬ್ರ. ಕುಂಡ್ರಿ."

ಕುಳಿತೆ. "ಆ ವರ್ಷ ಒಡ್ಡು ಅಳದಾಗ ನಂದೊಂದು ತಪ್ಪಾಗಿತ್ತವ್ವಾ" ಎಂದೆ.

"ಅಪ್ಪಗ ಗೊತ್ತಿತ್ತರಿ," ಎಂದಳು.

"ಏನು ಗೊತ್ತಿತ್ತು?"

"ಒಂದ ಸರಪಳಿ ಹೆಚ್ಚಿಗೆ ಹೋಗೇತಿ ಅನ್ನೂದು. ನೀವ ಹೋದ ಮ್ಯಾಲ ತತ್ತಿ ಅದಾವಿಲ್ಲೋ ಅಂತ ನೋಡಾಕ ಹೋಗಿದ್ರು. ಬಿಳಿ ಹರಳು ಅಲ್ಲೇ ಇತ್ತು. ಸೂಜಿ ಎಲ್ಲಾ ಎತಗೊಂಡ ಹೋಗ್ಯಾರ, ಇದನ್ನ ಯಾಕ ಬಿಟ್ರು ಅಂತ ಅಲ್ಲೇ ಕುಂತ ಲೆಕ್ಕಾ ಹಾಕಿದ್ರು. ಮನಿಗೆ ಬಂದ ಅವ್ವಗ ಹೇಳಿದ್ರು, ನಾನೂ ಇದ್ನಿ."

"ಮತ್ತ ಅರ್ಜಿ ಯಾಕ ಹಾಕಲಿಲ್ಲ?"

"ಅವ್ವನೂ ಅದನ್ನ ಕೇಳಿದ್ಲು. ಹಕ್ಕಿ ಉಳಸಾಕ ಹೋಗಿ ಒಬ್ಬ ಸಾಹೇಬ ನೌಕರಿ ಕಳಕೊಂಡ ಅಂತ ಸುದ್ದಿ ಆದ್ರ, ಮುಂದ ಯಾರೂ ಸರಪಳಿ ಎತ್ತಿ ದಾಟಸೂದಿಲ್ಲ ಅಂದ್ರು. ಸಾಹೇಬ್ರು ಲೆಕ್ಕದ ಮನಷ್ಯಾ, ಅವರಿಗೂ ತಿಳೀತೈತಿ, ತಾವ ಬಂದ ಹೇಳತಾರ, ಅವರ ಬಂದ ಹೇಳಿದ್ರ ಅದರ ಮಾತ ಬ್ಯಾರೆ ಅಂದ್ರು."

ನಾನು ನೆಲ ನೋಡುತ್ತಿದ್ದೆ. ಅವಳು ಧ್ವನಿ ಏರಿಸಲಿಲ್ಲ, ನಿಲ್ಲಿಸಲೂ ಇಲ್ಲ.

"ಟ್ರ್ಯಾಕ್ಟರ್ ಬಂದ ದಿನಾ ಅಪ್ಪ ಹೊಲದಾಗ ಇರಲಿಲ್ಲರಿ. ಮುನವಳ್ಳಿ ರಸ್ತೇಕ ಹೋಗಿ ನಿಂತಿದ್ರು, ನೀವ ಬರೂ ಬಸ್ಸಿನ ದಾರಿ ನೋಡಕೋಂತ. ಸಂಜೀಮಟಾ ನಿಂತ ಬಂದ್ರು. ಆಮ್ಯಾಲ ಸವದತ್ತಿ ಸ್ಟ್ಯಾಂಡಿನ್ಯಾಗ ನಿಮ್ಮನ್ನ ಕಂಡಿದ್ರಂತ, ಕೈ ಮಾಡಿದ್ರಂತ. ನೀವ ಬಸ್ ಹತ್ತಿದ್ರಿ. ಮನಿಗೆ ಬಂದು, ಪಾಪ ಅವರ ಕಡಿಂದ ಇನ್ನೂ ಆಗವಲ್ದು ಅಂದ್ರು."

ಅಳು ಬಂತು. ಅಪರಿಚಿತ ಹೆಣ್ಣುಮಗಳ ಎದುರು ಅಳಬಾರದೆಂದು ತಡೆದೆ, ಆಗಲಿಲ್ಲ. ನೀಲವ್ವ ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಳಗೆ ಹೋಗಿ ಮಗನ ಶಾಲೆಯ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನಿನೊಂದಿಗೆ ತಂದು ನನ್ನ ಮುಂದಿಟ್ಟಳು.

"ಅಪ್ಪ ಕೇಳಲಿಲ್ಲ. ನಾ ಅಪ್ಪ ಅಲ್ಲರಿ, ನಾ ಕೇಳತೇನಿ. ಆ ಒಡ್ಡಿನ ನೆಲ ನಮಗ ಬೇಕು. ಕಚೇರಿಗೆ ಹೋಗತೇನೋ, ರುದ್ರಗೌಡ್ರ ಮಕ್ಕಳ ಮುಂದ ಇಟ್ಟ ಕೇಳತೇನೋ, ಅದು ಆಮ್ಯಾಲ. ಏನಾತಂತ ನೀವು ಬರದ ಕೊಡ್ರಿ."

ಬರೆದೆ. ನೌಕರಿಯಲ್ಲಿದ್ದಾಗ ಬರೆಯುತ್ತಿದ್ದ ಹಾಗೆಯೇ ಬರೆದೆ. ಯಾವ ಹೊಲ, ಯಾವ ಕಲ್ಲಿನಿಂದ ಹೊರಟೆವು, ಎಷ್ಟನೆಯ ಸರಪಳಿಗೆ ಸೂಜಿಯ ಬದಲು ಹರಳು ಇಡಿಸಿದೆ, ಅದನ್ನು ಎಣಿಸಲಿಲ್ಲ, ತಿರುಗಿ ಅಳೆದು ನೋಡಲಿಲ್ಲ. ಎಂಟು ದಿನದಲ್ಲಿ ತಪ್ಪು ತಿಳಿಯಿತು, ಒಡ್ಡು ಆಗ ಇನ್ನೂ ಇತ್ತು, ಆದರೂ ಹೇಳಲಿಲ್ಲ. ಕೆಳಗೆ ಹೆಸರು, ಸಹಿ. ಹುದ್ದೆ ಬರೆಯುವ ಜಾಗದಲ್ಲಿ ಬರೆಯಲು ಏನೂ ಇರಲಿಲ್ಲ. ನೀಲವ್ವ ಹಾಳೆ ತೆಗೆದುಕೊಂಡು ನಿಂತೇ ಓದಿದಳು. ಇನ್ನೂ ಇರಬಹುದೆಂದು ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದಳು.

"ಇಷ್ಟೇ ಏನ್ರಿ?" ಎಂದಳು.

"ಹೌದವ್ವಾ," ಎಂದೆ, "ಇಷ್ಟೇ."